ಪುಟದ ಕೊನೆಯ ಹೂವು

ಶಿಗ್ಗಾಂವದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶ್ರೀನಿಧಿ ಗ್ರಾಫಿಕ್ಸ್ ಎಂಬ ಅಂಗಡಿ ಇದೆ. ಅದರ ಮಾಲೀಕ, ಕಂಪ್ಯೂಟರ್ ಆಪರೇಟರ್, ಬೆಳಿಗ್ಗೆ ಕಸ ಹೊಡೆಯುವವ, ಎಲ್ಲವೂ ಪ್ರಾಣೇಶನೇ. ಈ ತಾಲೂಕಿನಲ್ಲಿ, ಅತ್ತ ಸವಣೂರು, ಇತ್ತ ಹಾನಗಲ್ಲಿನವರೆಗೂ ಆದ ಮದುವೆಗಳಲ್ಲಿ ಅರ್ಧಕ್ಕರ್ಧ ಅವನ ಕೈಯಿಂದಲೇ ಆಗಿವೆ ಎಂದು ಜನ ತಮಾಷೆ ಮಾಡುತ್ತಾರೆ. ಕಾರ್ಡಿನಲ್ಲಿ ಚಿಕ್ಕಪ್ಪನ ಹೆಸರು ಮೇಲೆ ಬರಬೇಕೋ, ದೊಡ್ಡಪ್ಪನ ಮಗನದು ಬರಬೇಕೋ ಎಂದು ಬೀಗರು ಅವನ ಅಂಗಡಿಯಲ್ಲೇ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದದ್ದುಂಟು. ಅಂಥ ಜಗಳವನ್ನು ಎರಡು ಹೆಸರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ತಣ್ಣಗೆ ಬಗೆಹರಿಸುವ ಕಲೆ ಅವನಿಗೆ ಸಿದ್ಧಿಸಿತ್ತು. ಇಷ್ಟೆಲ್ಲ ಮಾಡಿದವನ ಸ್ವಂತ ಕಾರ್ಡು ಮಾತ್ರ ಅಚ್ಚಾಗಲಿಲ್ಲ.

ಅವನು ಸವಣೂರಿನ ಆಚಾರ್ಯರ ಮನೆತನದವನು. ಅಜ್ಜ ದೊಡ್ಡ ಪಂಡಿತರು. ಚಿಕ್ಕಪ್ಪಂದಿರ ಮಕ್ಕಳು ಒಬ್ಬ ಡಾಕ್ಟರು, ಒಬ್ಬ ವಕೀಲ, ಉಳಿದವರು ಬ್ಯಾಂಕಿನವರು. ಪ್ರಾಣೇಶನಿಗೆ ಓದು ಹತ್ತಲಿಲ್ಲ, ಅಕ್ಷರ ಹತ್ತಿದವು. ಅಕ್ಷರ ದುಂಡಗೆ ಜೋಡಿಸುವುದರಲ್ಲಿ ಅವನಿಗಿದ್ದ ಸುಖ ಇನ್ನಾವುದರಲ್ಲೂ ಇರಲಿಲ್ಲ. ಕನ್ಯೆ ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು ತಿನ್ನುವವರೆಗೆ ಮಾತು ಚೆನ್ನಾಗಿಯೇ ನಡೆಯುತ್ತಿತ್ತು. ಹುಡುಗ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ಅವ್ವ ಪದ್ಮಾಬಾಯಿ ಡಿಟಿಪಿ ಎಂದು ಹೇಳುತ್ತಲೇ ಆ ಮನೆಯ ಯಜಮಾನರು ಹೊರಗಿನ ಬಿಸಿಲಿನ ಬಗ್ಗೆ ಮಾತು ತೆಗೆಯುತ್ತಿದ್ದರು. ಅವ್ವ ಹೋದ ಮೇಲೆ ಹುಬ್ಬಳ್ಳಿಯ ಅಕ್ಕ ಹರಿಪ್ರಿಯಾ ಕೆಲವು ವರ್ಷ ಹುಡುಕಿದಳು. ಅವನಿಗೆ ನಲವತ್ತು ದಾಟಿದ ಮೇಲೆ ಅವಳೂ ಸುಮ್ಮನಾದಳು.

ಗಿರಾಕಿಗಳು ಒಳ್ಳೆಯವರು. ಕಾರ್ಡು ಒಯ್ಯಲು ಬಂದಾಗ ಅವನಿಗೂ ಒಂದು ಕೊಟ್ಟು ಹೋಗುತ್ತಿದ್ದರು. ಲಕೋಟೆಯ ಮೇಲೆ 'ಶ್ರೀ ಪ್ರಾಣೇಶ ಮತ್ತು ಕುಟುಂಬ' ಎಂದು ಬರೆದಿರುತ್ತಿತ್ತು. ರೂಢಿ, ಬೇರೇನಲ್ಲ. ಆ ಕುಟುಂಬವೆಂದರೆ ಖಾನಾವಳಿಯ ಡಬ್ಬಿ ಮತ್ತು ಅದನ್ನು ಬಿಚ್ಚಿಕೊಂಡು ಕಂಪ್ಯೂಟರಿನ ಎದುರೇ ಉಣ್ಣುವ ಅವನು. ಎಷ್ಟೋ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವನು ಆಡುತ್ತಿದ್ದ ಮಾತೆಂದರೆ 'ಮುಹೂರ್ತ ಎಷ್ಟಕ್ಕರಿ' ಎಂಬುದೊಂದೇ.

ಆಮೇಲೆ ವಾಟ್ಸ್‌ಆಪ್ ಬಂತು. ಐನೂರು ಕಾರ್ಡು ಹಾಕಿಸುವವರು ದೇವರ ಮುಂದಿಡಲು ಐವತ್ತು ಸಾಕು, ಉಳಿದವರಿಗೆ ಮೊಬೈಲಿನಲ್ಲಿ ಕಳಿಸುತ್ತೇವೆ ಎನ್ನತೊಡಗಿದರು. ಹಾಗಾದರೆ ಆ ಮೊಬೈಲಿಗೆ ಕಳಿಸುವುದನ್ನೇ ನಾನು ಯಾಕೆ ಮಾಡಬಾರದು ಎಂದು ಪ್ರಾಣೇಶನಿಗೆ ಅನಿಸಿತು. ಲಿಂಕ್ ಒತ್ತಿದರೆ ಮದುವೆಯ ಕರೆಯೋಲೆಯೇ ಒಂದು ವೆಬ್ ಪುಟವಾಗಿ ತೆರೆದುಕೊಳ್ಳಬೇಕು. ಎಚ್‌ಟಿಎಂಎಲ್ ಎಂಬ ವೆಬ್ ಪುಟದ ಭಾಷೆ ಅವನಿಗೆ ಪೂರ್ತಿ ಹೊಸದೇನೂ ಅಲ್ಲ. ಹರೆಯದಲ್ಲಿ ಹುಬ್ಬಳ್ಳಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತಿದ್ದ. ಆ ಕಾಲದ ಫ್ಯಾಶನ್ನಿನಂತೆ ಪುಟವನ್ನೆಲ್ಲ ಕೋಷ್ಟಕದ ಚೌಕಗಳಲ್ಲಿ ಕೂಡಿಸುವುದು, 'ಸುಸ್ವಾಗತ' ಎಂಬ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓಡಿಸುವುದು ಅವನಿಗೆ ಬರುತ್ತಿತ್ತು. ಅಷ್ಟನ್ನೇ ಬಂಡವಾಳ ಮಾಡಿಕೊಂಡು ಶುರುಮಾಡಿದ.

ಇಲ್ಲಿ ಅವನೊಂದು ತಪ್ಪು ಮಾಡಿದ. ಅವನೊಬ್ಬನದೇ ಅಲ್ಲ, ನಮ್ಮ ಕಡೆಯ ಡಿಟಿಪಿಯವರೆಲ್ಲ ಕಣ್ಣು ಮುಚ್ಚಿ ಮಾಡುವ ತಪ್ಪು ಅದು. ಕಾರ್ಡಿಗೆ ಬಳಸುವ ಹಳೇ ಕನ್ನಡ ಫಾಂಟು ಕಾಗದದ ಮೇಲೆ ಮುತ್ತಿನಂತೆ ಬೀಳುತ್ತದೆ. ಅದನ್ನೇ ವೆಬ್ ಪುಟಕ್ಕೆ ತಂದು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಹಾಗಾಗಿ ಇಡೀ ಕಾರ್ಡನ್ನೇ ಒಂದು ಚಿತ್ರವಾಗಿ ಮಾಡಿ ಪುಟಕ್ಕೆ ಏರಿಸಿಬಿಡುತ್ತಾರೆ. ನೋಡುವವರಿಗೆ ಅಕ್ಷರವೇ ಕಾಣುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಬರೀ ಪಟ. ಕಾಣುತ್ತದಲ್ಲ, ಇನ್ನೇನು ಬೇಕು ಎಂದೇ ಎಲ್ಲರೂ ತಿಳಿದಿದ್ದರು. ಕಾರ್ಡಿನ ಕೆಳಗೆ ಅಚ್ಚು ಹಾಕಿದವರ ಹೆಸರು ಸಣ್ಣ ಅಕ್ಷರದಲ್ಲಿ ಇರುವ ರೂಢಿಯನ್ನೂ ಪ್ರಾಣೇಶ ಬಿಡಲಿಲ್ಲ. ಪುಟದ ಕೊನೆಯಲ್ಲಿ ಅಂಗಡಿಯ ಹೆಸರಿನ ಸಣ್ಣ ಪಟವೊಂದನ್ನಿಟ್ಟು, ಅದನ್ನು ಒತ್ತಿದರೆ ತನ್ನ ಫೋನಿಗೇ ಕರೆ ಬರುವಂತೆ ಮಾಡಿದ.

ಅವನ ಮೊದಲ ವೆಬ್ ಪುಟ ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರ ಮಗಳು ಗುಲ್ನಾಜಳ ನಿಕಾಹಿನದು. ಹೋಯಿತು ಎಲ್ಲರಿಗೂ, ಚೆನ್ನಾಗಿದೆ ಎಂದರು ಎಲ್ಲರೂ. ಮಾರನೆಯ ದಿನ ಮಧ್ಯಾಹ್ನ ಡಬ್ಬಿ ಬಿಚ್ಚುತ್ತಿರುವಾಗ ಒಂದು ಫೋನು ಬಂತು. ರಟ್ಟೀಹಳ್ಳಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸಮತಾ ಎಂಬವರು. ಗುಲ್ನಾಜಳ ಜೊತೆ ಓದಿದವರು.

"ಅಣ್ಣಾರ, ನನಗ ಕಣ್ಣು ಕಾಣೂದಿಲ್ರಿ," ಎಂದಳು ಆಕೆ. "ಫೋನು ಓದಿ ಹೇಳ್ತೈತಿ, ನಾ ಕೇಳ್ತೇನಿ. ಗುಲ್ನಾಜಳ ಮದವಿ ಪುಟ ನನಗ ಎರಡ ಮಾತು ಹೇಳ್ತು. ಒಂದು, ಫೈನಲ್ ಫೈನಲ್ ಲಾಸ್ಟ್ ಓಕೆ. ಇನ್ನೊಂದು, ನಿಮ್ಮ ಫೋನ್ ನಂಬರ್. ಅದಕ್ಕ ನಿಮಗ ಹಚ್ಚೇನಿ. ಮದವಿ ಯಾವಾಗರಿ?"

ಪ್ರಾಣೇಶನಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಬಿಸಿಯಾಯಿತು. 'ಫೈನಲ್ ಫೈನಲ್ ಲಾಸ್ಟ್ ಓಕೆ' ಎಂಬುದು ಅವನು ಆ ಚಿತ್ರದ ಫೈಲಿಗೆ ಇಟ್ಟ ಹೆಸರು. ಬೀಗರು ನಾಲ್ಕು ಸಲ ಹೆಸರು ತಿದ್ದಿಸಿದ್ದರಿಂದ ಬೆಳೆದ ಹೆಸರು ಅದು. ಅವನು ಡಬ್ಬಿ ಸರಿಸಿ, ಪುಟ ತೆರೆದು, ಕರೆಯೋಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ. ಸಾವಿರಾರು ಕಾರ್ಡು ಮಾಡಿದ್ದ, ಒಂದನ್ನೂ ಹೀಗೆ ದನಿ ಎತ್ತಿ ಯಾರಿಗೂ ಓದಿರಲಿಲ್ಲ. ಊಟ ಮಸೀದಿ ಪಕ್ಕದ ಶಾದಿಮಹಲಿನಲ್ಲಿ ಎಂಬಲ್ಲಿಗೆ ಬಂದಾಗ ಗಂಟಲು ಒಣಗಿತ್ತು. ಆಕೆ ಉಪಕಾರ ಹೇಳಿ, ಇಡೀ ಊರಿಗೆ ಹೇಳಿದ್ದನ್ನು ತನಗೂ ಹೇಳಬಹುದಿತ್ತು ಎಂದಷ್ಟೇ ಹೇಳಿ ನಕ್ಕು ಫೋನಿಟ್ಟಳು. ಆ ನಗುವಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಮರುದಿನದಿಂದ ಪ್ರಾಣೇಶ ಕಲಿಯಲು ಕೂತ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ವೀಡಿಯೊ ನೋಡುವುದು, ನಿಲ್ಲಿಸುವುದು, ತಾನು ಬರೆದು ನೋಡುವುದು. ಹಳೇ ಕ್ಲಾಸಿನ ವಿದ್ಯೆಯೆಲ್ಲ ಒಂದೊಂದಾಗಿ ಕೈಬಿಟ್ಟಿತು. ಓಡುವ ಅಕ್ಷರ ಹೋಯಿತು. ಚೌಕಗಳ ಕೋಷ್ಟಕ ಹೋಯಿತು. ಕನ್ನಡವನ್ನು ಎಲ್ಲ ಫೋನುಗಳೂ ಓದಬಲ್ಲ ಯುನಿಕೋಡ್ ಅಕ್ಷರದಲ್ಲಿ ಹೊಸದಾಗಿ ಟೈಪ್ ಮಾಡಿದ. ಈ ಪುಟದ ಭಾಷೆ ಕನ್ನಡ ಎಂದು ಮೊದಲ ಸಾಲಿನಲ್ಲೇ ಹೇಳಬೇಕು ಎಂಬುದು ತಿಳಿಯಿತು. ಹೇಳದಿದ್ದರೆ ಓದುವ ಯಂತ್ರ ಕನ್ನಡವನ್ನು ಇಂಗ್ಲಿಷ್ ನಾಲಿಗೆಯಲ್ಲಿ ಹೊರಳಿಸುತ್ತದೆಯಂತೆ. ಚಿತ್ರ ಹಾಕುವ ಸಾಲಿನಲ್ಲಿ 'ಆಲ್ಟ್' ಎಂದೊಂದು ಜಾಗವಿರುತ್ತದೆ, ಚಿತ್ರ ಕಾಣದವರಿಗೆ ಕೇಳಿಸಬೇಕಾದ ಮಾತನ್ನು ಅಲ್ಲಿ ಬರೆಯಬೇಕು ಎಂಬುದೂ ತಿಳಿಯಿತು. ಆ ಜಾಗ ಅವನು ಕಲಿತ ಕಾಲದಲ್ಲೂ ಇತ್ತು. ಕಲಿಸಿದವರು ಅದನ್ನು ಹಾರಿಸಿ ಮುಂದೆ ಹೋಗಿದ್ದರು.

ಗುಲ್ನಾಜಳ ಪುಟವನ್ನು ಹೊಸದಾಗಿ ಮಾಡುವ ಹೊತ್ತಿಗೆ ಅವಳ ಮದುವೆಯೇ ಮುಗಿದಿತ್ತು. ಆದರೂ ಮಾಡಿ, ಹಿಂಜರಿಯುತ್ತಲೇ ಸಮತಾಳಿಗೆ ಕಳಿಸಿದ. ಆಕೆ ಕೇಳಿಸಿಕೊಂಡು ಫೋನ್ ಮಾಡಿದಳು. ಎಲ್ಲಾ ಬಂತು, ಆದರೆ ಶಿರೋನಾಮೆಗಳೆಲ್ಲಿ ಎಂದು ಕೇಳಿದಳು. ಕಣ್ಣಿದ್ದವರು ಪುಟದ ಮೇಲೆ ಕಣ್ಣಾಡಿಸುವಂತೆ ನಾವು ಶಿರೋನಾಮೆಯಿಂದ ಶಿರೋನಾಮೆಗೆ ಹಾರುತ್ತೇವೆ, ನಿಮ್ಮಲ್ಲಿ ಒಂದೂ ಇಲ್ಲ ಎಂದಳು. ಅಷ್ಟು ದೊಡ್ಡ ಅಕ್ಷರದಲ್ಲಿ ಹಾಕಿದ್ದೇನಲ್ಲ ಎಂದ ಪ್ರಾಣೇಶ. ದೊಡ್ಡದು ಮಾಡಿದರೆ ನಿಮಗೆ ಗೊತ್ತಾಗುತ್ತದೆ, ನನ್ನ ಫೋನಿಗೆ ಹೇಗೆ ಗೊತ್ತಾಗಬೇಕು, ಇದು ಶಿರೋನಾಮೆ ಎಂದು ನೀವೇ ಬಾಯಿಬಿಟ್ಟು ಹೇಳಬೇಕು ಎಂದಳು ಆಕೆ. ಅವನು ಅಕ್ಷರ ಹಿಗ್ಗಿಸುವುದನ್ನು ಬಿಟ್ಟು ಶಿರೋನಾಮೆಯ ಟ್ಯಾಗ್ ಹಾಕುವುದನ್ನು ಕಲಿತ.

ಹೀಗೆ ಶುರುವಾಯಿತು. ಆಕೆಗೆ ಕೋಡ್ ಬರುತ್ತಿರಲಿಲ್ಲ. ಕೇಳಿಸಿದ್ದನ್ನು ಕೇಳಿಸಿದಂತೆ ಹೇಳುತ್ತಿದ್ದಳು, ಅವನು ತಿದ್ದುತ್ತಿದ್ದ. ಹೊಸ ಮದುವೆಯ ಪುಟ ಮಾಡಿದಾಗಲೆಲ್ಲ ಗಿರಾಕಿಗಿಂತ ಮೊದಲು ಅದು ರಟ್ಟೀಹಳ್ಳಿಗೆ ಹೋಗುತ್ತಿತ್ತು. ಕಾಲೇಜಿನ ಮಧ್ಯಾಹ್ನದ ಬಿಡುವಿನಲ್ಲಿ ಫೋನು ಬರುತ್ತಿತ್ತು. ಆ ಹೊತ್ತಿಗೆ ಪ್ರಾಣೇಶ ಊಟ ಮುಗಿಸಿ, ಫ್ಯಾನು ಸದ್ದು ಮಾಡುತ್ತದೆಂದು ಅದನ್ನೂ ಆರಿಸಿ, ಬೆವರು ಒರೆಸಿಕೊಳ್ಳುತ್ತ ಕಾಯುತ್ತಿದ್ದ. ಬರಬರುತ್ತ ಪುಟದ ಮಾತು ಮುಗಿದ ಮೇಲೂ ಫೋನು ಇಡುತ್ತಿರಲಿಲ್ಲ. ಕಾಲೇಜಿನ ಹುಡುಗರ ಕಿತಾಪತಿ, ಖಾನಾವಳಿಯ ಬದನೆಕಾಯಿ ಪಲ್ಯ, ಏನೋ ಒಂದು. ಒಂದು ದಿನ 'ಅಣ್ಣಾರ' ಎನ್ನುವುದು ಹೋಗಿ 'ಪ್ರಾಣೇಶ ಅವರ' ಆಯಿತು. ಆಕೆ ಅದನ್ನು ಗಮನಿಸಿದಳೋ ಇಲ್ಲವೋ, ಅವನು ಗಮನಿಸಿದ. ಅಂದು ಸಂಜೆ ಅಂಗಡಿ ಬಾಗಿಲು ಹಾಕುವಾಗ ಕೀಲಿಯನ್ನು ಒಳಗೇ ಮರೆತ.

ಆಲ್ಟ್ ಎಂಬುದರ ರುಚಿ ಹತ್ತಿದ ಹೊಸದರಲ್ಲಿ ಪ್ರಾಣೇಶ ಅತಿ ಮಾಡಿದ. ಬಂಕಾಪುರದ ಒಂದು ಮದುವೆಯ ಪುಟಕ್ಕೆ ಸುತ್ತಲೂ ಅಂಚು ಬಿಡಿಸಿ, ಒಂದೊಂದಕ್ಕೂ ಮಾತು ಬರೆದಿದ್ದ. ಎಡಕ್ಕೆ ಬಾಳೆಕಂಬ, ಬಲಕ್ಕೆ ಬಾಳೆಕಂಬ, ಮೇಲೆ ಮಾವಿನ ತೋರಣ, ಕೆಳಗೆ ಬಳ್ಳಿ, ಪಕ್ಕದಲ್ಲಿ ಮತ್ತೊಂದು ಬಳ್ಳಿ. ಆಕೆಗೆ ಖುಷಿಯಾಗುತ್ತದೆಂದು ಕಾದು ಕೂತ. ಆಕೆ ನಗಲು ಶುರುಮಾಡಿದಳು.

"ಮದಲಗಿತ್ತಿ ಹೆಸರು ಬರೂದ್ರಾಗ ನಾ ಅಷ್ಟೂ ಬಳ್ಳಿ ದಾಟಿ ಬರಬೇಕೇನ್ರಿ? ಬರೇ ಅಲಂಕಾರಕ್ಕ ಇದ್ದದ್ದರ ಸುದ್ದಿ ನನಗ ಹೇಳಬ್ಯಾಡ್ರಿ ಪ್ರಾಣೇಶ ಅವರ. ಖಾಲಿ ಬಿಡ್ರಿ. ನನ್ನ ಫೋನು ಸುಮ್ಮ ದಾಟಿ ಹೋಗ್ತೈತಿ."

ಅವನು ವೀಡಿಯೊಗಳಲ್ಲಿ ಹುಡುಕಿ ನೋಡಿದ. ಆಕೆ ಹೇಳಿದ್ದೇ ಸರಿ. ಆಲ್ಟ್ ಬರೆಯದೆ ಬಿಟ್ಟರೆ ಯಂತ್ರ ಫೈಲಿನ ಹೆಸರನ್ನಾದರೂ ಓದಿಬಿಡುತ್ತದೆ. ಹಾಗಾಗಿ ಆಲ್ಟ್ ಎಂದು ಬರೆದು, ಎರಡು ಉದ್ಧರಣ ಚಿಹ್ನೆ ಹಾಕಿ, ನಡುವೆ ಏನೂ ಬರೆಯದೆ ಬಿಡಬೇಕು. ಇಲ್ಲಿ ಒಂದು ಚಿತ್ರವಿದೆ, ಆದರೆ ಅದನ್ನು ಹೇಳುವ ಅಗತ್ಯವಿಲ್ಲ ಎಂದು ಅರ್ಥ. ಬಾಳೆಕಂಬ, ತೋರಣ, ಬಳ್ಳಿ ಎಲ್ಲವನ್ನೂ ಅವನು ಖಾಲಿ ಮಾಡಿದ.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಪ್ರಾಣೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಟ್ಟೀಹಳ್ಳಿಗೆ ಹೊರಟ. ಹಾವೇರಿ ಮೇಲೆ ಹೋದರೆ ಬೇಗ. ಅವನು ಹಾನಗಲ್ಲಿಗೆ ಹೋಗಿ ಅಲ್ಲಿಂದ ಹಿರೇಕೆರೂರಿನ ಬಸ್ಸು ಹಿಡಿದು ಸುತ್ತು ಹೊಡೆದ. ದಾರಿ ಉದ್ದವಾದಷ್ಟೂ ಧೈರ್ಯ ಬರುತ್ತದೆಂದು ಲೆಕ್ಕ. ಬಸ್ಸಿನಲ್ಲಿ ಮಾತನ್ನು ಮನಸ್ಸಿನಲ್ಲೇ ಜೋಡಿಸಿ, ತಿದ್ದಿ, ಮತ್ತೆ ಜೋಡಿಸಿದ. ನನಗೆ ವಯಸ್ಸಾಗಿದೆ, ಜಾತಿ ಬೇರೆ, ಸಂಪಾದನೆ ಇಷ್ಟೇ, ಆದರೂ ಕೇಳುತ್ತಿದ್ದೇನೆ. ಹಾನಗಲ್ಲಿನಲ್ಲಿ ಈ ಮಾತು ಚೆನ್ನಾಗಿತ್ತು. ಹಿರೇಕೆರೂರಿನಲ್ಲಿ ಪರವಾಗಿಲ್ಲ ಎನಿಸಿತು. ರಟ್ಟೀಹಳ್ಳಿಯಲ್ಲಿ ಇಳಿದಾಗ ಅದರಲ್ಲಿ 'ನಮಸ್ಕಾರ್ರಿ' ಒಂದೇ ಉಳಿದಿತ್ತು.

ಕದಂಬೇಶ್ವರ ಗುಡಿಯ ಕಂಬಕ್ಕೆ ಆತು ನಿಂತು ಆಕೆಗೆ ಫೋನ್ ಹಚ್ಚಿದ. ಆಕೆಯ ಮನೆ ಅಲ್ಲಿಂದ ಎರಡು ಓಣಿ ದೂರವೆಂದು ಅವನಿಗೆ ಗೊತ್ತಿತ್ತು. ಭಾನುವಾರ ಫೋನ್ ಮಾಡಿದ್ದಕ್ಕೆ ಆಕೆಗೆ ಸಂತೋಷವಾಯಿತು. ಏನು ವಿಶೇಷ ಎಂದು ಕೇಳಿದಳು. ಅವನು ಹೊಸ ಪುಟದ ಬಗ್ಗೆ ಏನೋ ತೊದಲಿದ. ಅಷ್ಟರಲ್ಲಿ ಯಾರೋ ಭಕ್ತರು ಒಳಗೆ ಬರುತ್ತ ಗಂಟೆ ಬಾರಿಸಿದರು.

ಆಕೆ ಅದಕ್ಕೆ ಕಿವಿಗೊಟ್ಟು, "ನಿಮ್ಮ ಶಿಗ್ಗಾಂವದಾಗೂ ನಮ್ಮ ರಟ್ಟೀಹಳ್ಳಿ ಗಂಟೀನ ಕೇಳಸ್ತೈತಲ್ರಿ," ಎಂದಳು.

"ಎಲ್ಲಾ ಗುಡಿ ಗಂಟಿ ಹಂಗ ಇರ್ತಾವ್ರಿ," ಎಂದ ಪ್ರಾಣೇಶ.

ಆಕೆ ಹೂಂ ಎಂದಳು. ಇನ್ನೂ ಸ್ವಲ್ಪ ಹೊತ್ತು ಫೋನು ಹಿಡಿದೇ ಇದ್ದಳು. ಸದ್ದಿನಲ್ಲೇ ಊರು ಗುರುತಿಸುವವಳಿಗೆ ದಿನವೂ ಕೇಳುವ ಗಂಟೆ ತಿಳಿಯದೇ ಇರುತ್ತದೆಯೇ? ಆಕೆ ಜಾಗ ಬಿಟ್ಟುಕೊಟ್ಟಿದ್ದಳು, ತುಂಬಲು ಇವನಿಗೆ ಆಗಲಿಲ್ಲ. ನನಗೆ ಇಂಥ ಕಡೆ ಅವನ ಮೇಲೆ ಸಿಟ್ಟೇ ಬರುತ್ತದೆ. ದೊಡ್ಡ ಅಕ್ಷರ ಸಾಲದು, ಬಾಯಿಬಿಟ್ಟು ಹೇಳಬೇಕು ಎಂದು ಅವನಿಗೆ ಆಕೆಯೇ ಕಲಿಸಿದ್ದಳಲ್ಲ. ಅವನು ಹಾವೇರಿ ಬಸ್ಸು ಹತ್ತಿ ಬೇಗ ಊರಿಗೆ ಬಂದ.

ಆಮೇಲೂ ಫೋನುಗಳು ಬಂದವು. ಆದರೆ ಪುಟದ ಮಾತು ಮುಗಿದ ಕೂಡಲೇ ಆಕೆಗೆ ಕ್ಲಾಸಿಗೆ ಹೊತ್ತಾಗುತ್ತಿತ್ತು. ದೀಪಾವಳಿ ಕಳೆದು ಕೆಲವು ವಾರಗಳಿಗೆ, ತುಳಸಿ ಲಗ್ನವಾಗಿ ಮದುವೆಗಳ ಕಾಲ ತೆರೆದುಕೊಂಡಾಗ, ಆಕೆ ಮಧ್ಯಾಹ್ನ ಅಲ್ಲ, ಬೆಳಿಗ್ಗೆಯೇ ಫೋನ್ ಮಾಡಿದಳು. ಹಿರೇಕೆರೂರಿನ ಬ್ಯಾಂಕಿನಲ್ಲಿ ಇರುವ ಸುದೀಪ ಎಂಬವರ ಜೊತೆ ಮದುವೆ ಗೊತ್ತಾಗಿದೆ ಎಂದು ಹೇಳಿದಳು. ಬಂದರು, ಕೂತರು, ಸುತ್ತಿ ಬಳಸಿ ಮಾತಾಡದೆ ನೇರವಾಗಿ ಕೇಳಿದರು, ಅದು ತನಗೆ ಹಿಡಿಸಿತು ಎಂದಳು.

"ನನ್ನ ಪುಟ ನೀವ ಮಾಡ್ಬೇಕ್ರಿ ಪ್ರಾಣೇಶ ಅವರ," ಎಂದಳು. "ಬ್ಯಾರೇದವ್ರು ಮಾಡಿದ್ದು ನನಗ ಕೇಳ್ಸೂದಿಲ್ಲ."

ಪ್ರಾಣೇಶನ ಬಾಯಿಗೆ ಇಪ್ಪತ್ತು ವರ್ಷದ ರೂಢಿ ನೆರವಾಯಿತು. "ಭಾಳ ಸಂತೋಷರಿ," ಎಂದ. "ಮುಹೂರ್ತ ಎಷ್ಟಕ್ಕರಿ?" ಎಂದ. ವರನ ತಂದೆಯ ಹೆಸರು, ತಾಯಿಯ ಹೆಸರು, ಮಂಗಲ ಕಾರ್ಯಾಲಯದ ವಿಳಾಸ ಎಲ್ಲವನ್ನೂ ಕೇಳಿ ಬರೆದುಕೊಂಡ. ಯಾರ ಹೆಸರು ಮೇಲೆ ಬರಬೇಕು ಎಂಬುದನ್ನೂ ಕೇಳಿದ. ಅವರ ಮನೆಯಲ್ಲಿ ಅಂಥ ಜಗಳವಿಲ್ಲ ಎಂದಳು ಆಕೆ. ಫೋನಿಟ್ಟ ಮೇಲೆ ಅವನು ಫ್ಯಾನು ಹಚ್ಚಿದ.

ಬೇರೆ ಎಲ್ಲ ಕೆಲಸ ಬದಿಗಿಟ್ಟು ಆ ಪುಟ ಮಾಡಿದ. ಕಲಿತದ್ದೆಲ್ಲವನ್ನೂ ಅದಕ್ಕೆ ಸುರಿದ. ಪುಟದ ತಲೆ, ನಡು, ಬುಡ ಯಾವುದು ಎಂದು ಯಂತ್ರಕ್ಕೆ ಬೇರೆ ಬೇರೆ ಹೇಳಿದ. ವಧು ವರರ ಹೆಸರು ಒಂದನೇ ಹಂತದ ಶಿರೋನಾಮೆ, ಮುಹೂರ್ತ, ಸ್ಥಳ, ದಾರಿ ಎರಡನೇ ಹಂತದವು. ಬಣ್ಣ, ಅಂತರಗಳನ್ನೆಲ್ಲ ಬೇರೆ ಫೈಲಿನಲ್ಲಿಟ್ಟು ಮಾತನ್ನು ಚೊಕ್ಕಟವಾಗಿ ಉಳಿಸಿದ. ಸಣ್ಣ ಫೋನಿನಲ್ಲೂ ಅಕ್ಷರ ಒಂದರ ಮೇಲೊಂದು ಬೀಳದಂತೆ ನೋಡಿಕೊಂಡ. ಮದುವೆಗೆ ಬರುವವರು ಹೆಸರು ತಿಳಿಸುವ ಜಾಗಕ್ಕೆ 'ಇಲ್ಲಿ ಹೆಸರು ಬರೆಯಿರಿ' ಎಂಬ ಚೀಟಿಯನ್ನು ಸರಿಯಾಗಿ ಕಟ್ಟಿದ. ಕಣ್ಣು ಮುಚ್ಚಿಕೊಂಡು ತನ್ನ ಫೋನಿನಿಂದಲೇ ಓದಿಸಿ ಕೇಳಿದ. ಒಂದೂ ಎಡವಲಿಲ್ಲ.

ಉಳಿದದ್ದು ಪುಟದ ಬುಡ. ಅಂಗಡಿಯ ಹೆಸರಿನ ಪಟ ಇರುತ್ತಿದ್ದ ಜಾಗ. ಅದನ್ನು ತೆಗೆದ, ಫೋನಿನ ಲಿಂಕನ್ನೂ ತೆಗೆದ. ಬದಲಿಗೆ ಒಂದು ಸಣ್ಣ ಮಲ್ಲಿಗೆ ಹೂವಿನ ಚಿತ್ರ ಇಟ್ಟ. ಆಲ್ಟ್ ಎಂದು ಬರೆದು ಉದ್ಧರಣ ಚಿಹ್ನೆಗಳ ನಡುವೆ ಕರ್ಸರ್ ನಿಲ್ಲಿಸಿದ. ಪುಟ ತೆರೆದ ನೂರಾರು ಜನರಿಗೆ ಅಲ್ಲಿ ಹೂವು ಮಾತ್ರ ಕಾಣುತ್ತದೆ. ಅಲ್ಲಿ ಬರೆದದ್ದು ಕೇಳಿಸುವುದು ಆಕೆಗೆ. ಇಂಥ ಜಾಗ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ, ಮುಂದೆ ಸಿಗುವುದೂ ಇಲ್ಲ.

'ಸಮತಾ, ಈ ಪುಟ ಮಾಡಿದವನು ನಿಮ್ಮನ್ನು ಬಯಸಿದ್ದ. ಗುಡಿಯವರೆಗೆ ಬಂದಿದ್ದ. ಕೇಳಲು ಆಗಲಿಲ್ಲ.'

ಟೈಪ್ ಮಾಡಿ ಓದಿಕೊಂಡ. ಅಕ್ಷರ ತಪ್ಪಿರಲಿಲ್ಲ. ಫೋನಿಗೆ ಓದಲು ಹೇಳಿದ. ಯಂತ್ರದ ದನಿ ಮುಹೂರ್ತ ಹೇಳಿದ ಧಾಟಿಯಲ್ಲೇ ಅದನ್ನೂ ಹೇಳಿ ಮುಗಿಸಿತು. ಈ ಪುಟವನ್ನು ಆಕೆ ಒಬ್ಬಳೇ ಕೇಳುವುದಿಲ್ಲ, ಮನೆಯವರ ನಡುವೆ ಕೂತು ಕೇಳುತ್ತಾಳೆ ಎಂಬುದು ಆಗ ಹೊಳೆಯಿತು. ಆಕೆಯ ಮದುವೆಗೆ ಆ ಮಾತಿನಿಂದ ಏನೂ ಕೂಡುತ್ತಿರಲಿಲ್ಲ. ಕೊನೆಯ ಅಕ್ಷರದಿಂದ ಹಿಡಿದು ಒಂದೊಂದಾಗಿ ಅಳಿಸಿದ. ಎರಡು ಚಿಹ್ನೆಗಳು ಪಕ್ಕ ಪಕ್ಕ ಬಂದು ಕೂಡಿದವು. ಪುಟವನ್ನು ಏರಿಸಿ ಲಿಂಕ್ ಕಳಿಸಿದ.

ಮಧ್ಯಾಹ್ನ ಆಕೆಯ ಫೋನು ಬಂತು. ಎಲ್ಲವೂ ಬಹಳ ಚೆನ್ನಾಗಿ ಕೇಳಿಸಿತು, ಸುದೀಪ ಅವರ ಮನೆಯವರೂ ಮೆಚ್ಚಿದರು ಎಂದಳು. ಆಮೇಲೆ ಕೇಳಿದಳು.

"ಕಡೀಗೆ ನಿಮ್ಮ ನಂಬರ್ ಬರ್ಲಿಲ್ಲಲ್ರಿ? ಮೊದಲನೇ ದಿನ ಅದೊಂದ ತಿಳಿಯೂವಂಗ ಕೇಳಿಸಿತ್ತು."

"ಅಲ್ಲೊಂದು ಹೂವಿನ ಚಿತ್ರ ಅದರಿ," ಎಂದ ಪ್ರಾಣೇಶ. "ಬರೇ ಅಲಂಕಾರಕ್ಕ."

"ಖಾಲಿ ಬಿಟ್ಟೀರೇನು?"

"ಹೂಂ ರಿ. ನೀವ ಹೇಳಿದ್ರಲ್ಲ."

ಆ ಕಡೆ ಕಾಲೇಜಿನ ಹುಡುಗರ ಗದ್ದಲ ಕೇಳುತ್ತಿತ್ತು. ಆಕೆ ಅದು ಕಡಿಮೆಯಾಗುವವರೆಗೆ ಕಾದಳು.

"ಹಂಗಾರ ಬರೋಬ್ಬರಿ ಐತ್ರಿ," ಎಂದಳು. "ನನ್ನ ಫೋನು ಅಲ್ಲಿ ಏನೂ ಇಲ್ಲದಂಗ ದಾಟಿ ಹೋತು."